ರಬ್ಬರಿನ ಎರೆ ಮತ್ತು ಬಯಕೆಯ ಮೀನು

ಉಬ್ಬರವಿಳಿತಗಳ ಹೊತ್ತನ್ನು ಪಂಚಾಂಗ ತೆರೆಯದೆ ನೀರಿನ ಬಣ್ಣದಿಂದಲೇ ಅರಿಯಬಲ್ಲವನು. ಸಂಕ್ರಮಣದ ದಿನ ಗಾಳವನ್ನು ಕೈಯಿಂದ ಮುಟ್ಟದವನು. ಬುಟ್ಟಿಯಲ್ಲಿ ಎರಡು ಮೀನಿದ್ದರೆ ನೆರೆಮನೆಯ ಒಲೆಯ ಕಡೆ ಒಮ್ಮೆ ನೋಡಿಯೇ ತನ್ನ ಮನೆಯ ಮೆಟ್ಟಿಲು ಹತ್ತುವವನು. ಹಿಡಿದ ಸಿಗಡಿಗಳು ಗಡಿಗೆಯೊಳಗೆ ಒಂದನ್ನೊಂದು ಇರಿಯಬಾರದೆಂದು ಪ್ರತಿಯೊಂದರ ತಲೆಯ ಮುಳ್ಳನ್ನೂ ಉಗುರಿನಿಂದ ಚಿವುಟಿ ಹಾಕುವವನು. ದೇವರ ಮುಂದೆ ನಿಂತಾಗ ಏನನ್ನೂ ಬೇಡದೆ ಕೈಮುಗಿದು ಹಿಂದಿರುಗುವವನು. ನಾಲ್ಕು ತಾಸು ದಂಡೆಯಲ್ಲಿ ಕುಳಿತು ಬರಿಗೈಯಲ್ಲಿ ಎದ್ದರೂ ಹೊಳೆಯನ್ನು ಬೈಯದವನು. ಇಂತಹ ಗುಣಗಳಿಂದ ಊರಿನಲ್ಲಿ ಹೆಸರಾದವನು ತ್ರಾಸಿಯ ಹೆದ್ದಾರಿಗೂ ಸೌಪರ್ಣಿಕಾ ಹೊಳೆಗೂ ನಡುವೆ ಮನೆ ಮಾಡಿಕೊಂಡಿರುವ ಚಂದಯ್ಯ ಮೊಗವೀರ. ಇವುಗಳಲ್ಲಿ ಕಟ್ಟಕಡೆಯ ಗುಣವು ಎರಡು ಸಾವಿರದ ಹದಿನಾಲ್ಕನೆಯ ಇಸವಿಯ ಫಾಲ್ಗುಣದಲ್ಲಿ ಒಂದು ದಿನದ ಮಟ್ಟಿಗೆ ಅವನನ್ನು ಬಿಟ್ಟು ಹೋಗಿತ್ತು. ಬಿಡಿಸಿದ್ದು ಗೇಣುದ್ದದ ಒಂದು ರಬ್ಬರಿನ ತುಂಡು.

ಚಂದಯ್ಯನು ಹದಿನಾರನೆಯ ವಯಸ್ಸಿನಿಂದ ಗಂಗೊಳ್ಳಿಯ ದೋಣಿಗಳಲ್ಲಿ ಕಡಲಿಗೆ ಹೋದವನು. ೧೯೯೭ರಲ್ಲಿ ಬಲೆ ಎಳೆಯುವ ಹಗ್ಗ ಹರಿದು ಬಲಭುಜಕ್ಕೆ ಬಡಿಯಿತು. ಮೂಳೆ ಕೂಡಿತು, ಬಲ ಕೂಡಲಿಲ್ಲ. ಅಂದಿನಿಂದ ಕಡಲನ್ನು ಬಿಟ್ಟು ಹೊಳೆಯನ್ನು ಹಿಡಿದನು. ಜೀವಂತ ಸಿಗಡಿಯನ್ನು ಕೊಕ್ಕೆಗೆ ಚುಚ್ಚಿ ತಂಗೂಸಿ ಎಂಬ ನೈಲಾನ್ ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿ ಕುಳಿತರೆ, ನೀರಿನಡಿಯ ಅತಿ ಸಣ್ಣ ಕಚ್ಚುವಿಕೆಯೂ ಆ ಬೆರಳಿಗೆ ತಿಳಿಯುತ್ತಿತ್ತು. ತಿಳಿದ ಕ್ಷಣವೇ ಕೈ ತಾನಾಗಿ ಎಳೆಯುತ್ತಿತ್ತು. ಹದಿನೇಳು ವರ್ಷ ಅವನ ಸಂಸಾರವನ್ನು ಸಾಕಿದ್ದು ಆ ಎಳೆತವೇ.

ಆ ಫಾಲ್ಗುಣದಲ್ಲಿ ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಮೀನು. ಮಗಳು ಅಮಿತಾ ಮದುವೆಯಾದ ಆರು ವರ್ಷಗಳ ಮೇಲೆ ಗರ್ಭಿಣಿಯಾಗಿದ್ದಳು. ಏಳನೆಯ ತಿಂಗಳ ಬಯಕೆಯ ಊಟ ಭಾನುವಾರವೆಂದು ಗೊತ್ತಾಗಿತ್ತು. ಚಂದಯ್ಯನ ಮನೆತನದಲ್ಲಿ ಹಿಂದಿನಿಂದ ನಡೆದುಬಂದ ಕಟ್ಟಳೆಯೆಂದರೆ, ಚೊಚ್ಚಲ ಬಸುರಿಯ ಎಲೆಗೆ ಮೊದಲು ಬೀಳುವ ಮೀನನ್ನು ಅವಳ ತಂದೆಯು ಸ್ವಂತ ಕೈಯಿಂದ ಗಾಳ ಹಾಕಿ ತರಬೇಕು. ಅದು ಹೊಳೆಬಾಯಿಯ ಕುರುಡಿ ಮೀನೇ ಆಗಿರಬೇಕು. ಅದಕ್ಕೆ ಬಲೆ ಸೋಕಿರಬಾರದು. ಬಲೆಯ ಮೀನು ಸಿಕ್ಕಿಬೀಳುತ್ತದೆ, ಗಾಳದ ಮೀನು ಹಸಿದು ಉಣ್ಣಲು ಬರುತ್ತದೆ. ಹುಟ್ಟುವ ಮಗುವೂ ಹಾಗೆಯೇ ಹಸಿದು ಉಣ್ಣಬೇಕು ಎಂಬುದು ಅದರ ಆಶಯ. ಈ ಕಟ್ಟಳೆಯನ್ನು ಕಾಯುವವಳು ಚಂದಯ್ಯನ ಅಕ್ಕ, ಕಿರಿಮಂಜೇಶ್ವರದ ಸುಗುಣಕ್ಕ. ಅವಳು ಶನಿವಾರವೇ ಬರುವುದಾಗಿ ಹೇಳಿ ಕಳುಹಿಸಿದ್ದಳು.

ಕುರುಡಿಗೇನೂ ಆ ವರ್ಷ ಬರವಿರಲಿಲ್ಲ. ಆದರೆ ಹೊಳೆಯ ತಳದಲ್ಲಿ ಏಡಿಗಳು ಎಂದಿಲ್ಲದಷ್ಟು ಹೆಚ್ಚಿ, ಸಿಗಡಿ ನೀರಿಗಿಳಿದು ಎಲೆಅಡಿಕೆ ಮಡಚುವಷ್ಟರಲ್ಲಿ ಕೊಕ್ಕೆ ಬರಿದಾಗುತ್ತಿತ್ತು. ಹದಿನೈದು ದಿನ ಹೀಗೆಯೇ ಕಳೆದವು. ಬುಧವಾರ ಸಂಜೆ ಅಮಿತಾಳನ್ನು ಕರೆತಂದ ಅಳಿಯ ಸುಜನ್ ಈ ಸಂಕಟವನ್ನು ಕೇಳಿ, ತನ್ನ ಚೀಲದಿಂದ ರಾಟೆಯುಳ್ಳ ಒಂದು ಗಾಳದ ಕೋಲನ್ನೂ ಒಂದು ಪೊಟ್ಟಣವನ್ನೂ ತೆಗೆದನು. ಬ್ರಹ್ಮಾವರದಲ್ಲಿ ಪಾತ್ರೆಯಂಗಡಿಯಿಟ್ಟಿರುವ ಸುಜನ್‌ಗೆ ರಜೆಯ ದಿನ ಗಾಳ ಹಾಕುವ ಚಟ. ಪೊಟ್ಟಣದಲ್ಲಿ ಕಂದುಬಣ್ಣದ, ಕಣ್ಣು ಬಾಲಗಳಿಲ್ಲದ, ನೆಟ್ಟನೆಯ ಹತ್ತು ರಬ್ಬರಿನ ಕಡ್ಡಿಗಳಿದ್ದವು. ನೀರಿನಲ್ಲಿ ತಾವಾಗಿ ಮುಳುಗಲೆಂದು ಅವುಗಳೊಳಗೆ ಉಪ್ಪು ಬೆರೆಸಿದ್ದರು. ಮೈಮೇಲೂ ಉಪ್ಪಿನ ಹರಳು ಮೆತ್ತಿತ್ತು. ಕೊಕ್ಕೆಯನ್ನು ಕಡ್ಡಿಯ ಸರಿಯಾಗಿ ನಡುವಿಗೆ ಚುಚ್ಚಬೇಕು, ಎಸೆಯಬೇಕು, ಆಮೇಲೆ ಏನನ್ನೂ ಮಾಡಬಾರದು. ಅದು ಎರಡೂ ತುದಿಗಳನ್ನು ನಡುಗಿಸುತ್ತ ನಿಧಾನವಾಗಿ ಇಳಿಯುವಾಗಲೇ ಕುರುಡಿ ಬಂದು ನುಂಗುತ್ತದೆ. ತಳ ಮುಟ್ಟಿದರೂ ಏಡಿಗೆ ಅದು ರುಚಿಸದು.

"ಮಾವ, ಎಳುಕಾಗ," ಎಂದನು ಸುಜನ್. "ಬಿಸಾಡಿ ಸುಮ್ನೆ ಕೂಕಣ್ಕ್. ಅದ್ ತನ್ನಷ್ಟಕ್ಕೇ ಕೆಳಗ್ ಹೋತ್ತ್. ನೀವ್ ಎಳುದ್ರೆ ಸೌದಿ ತುಂಡ್ ಎಳ್ದಂಗೆ."

ಸುಮ್ಮನೆ ಕೂರುವುದನ್ನು ತನಗೆ ಯಾರಾದರೂ ಕಲಿಸಬೇಕೆ ಎಂದು ಚಂದಯ್ಯನು ಮನಸ್ಸಿನಲ್ಲಿ ನಕ್ಕನು. ಗುರುವಾರ ಬೆಳಗಾದ ಮೇಲೆ ಆ ನಗೆ ಉಳಿಯಲಿಲ್ಲ. ಕಡ್ಡಿ ನೀರಿಗೆ ಬಿದ್ದೊಡನೆ ಸೆಳವು ದಾರವನ್ನು ತುಸು ಅಲುಗಿಸುವುದು, ಬೆರಳು ಅದನ್ನು ಕಚ್ಚುವಿಕೆಯೆಂದು ತಿಳಿಯುವುದು, ಕೈ ಎಳೆಯುವುದು, ಕಡ್ಡಿ ನೀರಿನ ಮೇಲಕ್ಕೆ ಹಾರಿ ಕಾಲಬುಡದಲ್ಲಿ ಬೀಳುವುದು. ಎಳೆಯಬಾರದೆಂದು ಹಲ್ಲುಕಚ್ಚಿ ಕುಳಿತರೂ ಮೂರು ಎಣಿಸುವಷ್ಟರಲ್ಲಿ ಕೈ ಎಳೆದಾಗಿರುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು ನೋಡಿದನು. ಎರಡೂ ಸೇರಿ ಎಳೆದವು.

ಇದಕ್ಕೆ ಸಾಕ್ಷಿಗಳಿಲ್ಲದಿದ್ದರೆ ಸಹಿಸಬಹುದಿತ್ತು. ಹೆದ್ದಾರಿಯು ಹೊಳೆಯ ಮಗ್ಗುಲಲ್ಲೇ ಹಾದುಹೋಗುವುದರಿಂದ, ಕಡಲು ನೋಡಲು ವಾಹನ ನಿಲ್ಲಿಸಿದವರೆಲ್ಲ ಈಚೆಗೆ ತಿರುಗಿ ಚಂದಯ್ಯನನ್ನು ನೋಡಿದರು. ಒಬ್ಬನು ಕೋಲನ್ನು ಎತ್ತರಕ್ಕೆ ಹಿಡಿಯಲು ಹೇಳಿದನು, ಇನ್ನೊಬ್ಬನು ತಗ್ಗಿಸಲು ಹೇಳಿದನು. ಮೀನು ಹಿಡಿದು ಗೊತ್ತಿಲ್ಲದ ಮೂರನೆಯವನು ಕಡಲಿನಲ್ಲಿ ಪ್ರಯತ್ನಿಸಬಾರದೇಕೆಂದು ಕೇಳಿದನು. ದಿನಕ್ಕೆ ನಾಲ್ಕು ಬಾರಿ ಹಾದುಹೋಗುವ ಖಾಸಗಿ ಬಸ್ಸಿನ ಕಂಡಕ್ಟರನು ಬಾಗಿಲಿನಲ್ಲಿ ನೇತಾಡುತ್ತ, "ಹ್ವಾಯ್ ಚಂದಯ್ಯಣ್ಣ, ಗಾಳಕ್ಕ್ ಚಪ್ಪಲಿ ಬಾರ್ ಕಟ್ಟಿದ್ರ್ಯಾ?" ಎಂದು ಕೂಗಿದನು. ಹಿಂದಿರುಗುವಾಗ ಅದನ್ನೇ ಮತ್ತೆ ಕೂಗಿದನು.

ಶುಕ್ರವಾರವೂ ಹಾಗೆಯೇ ಆಯಿತು. ಹಲ್ಲುಳ್ಳ ಯಾವುದೋ ಮೀನುಗಳು ಮೂರು ಕಡ್ಡಿಗಳ ತುದಿಗಳನ್ನು ಕತ್ತರಿಸಿಕೊಂಡು ಹೋದವು. ಬ್ರಹ್ಮಾವರಕ್ಕೆ ಮರಳಿದ್ದ ಸುಜನ್ ಮಧ್ಯಾಹ್ನ ದೂರವಾಣಿಯಲ್ಲಿ ವಿಚಾರಿಸಿ, ಎಳೆಯಬಾರದೆಂದು ಮತ್ತೊಮ್ಮೆ ನೆನಪಿಸಿದನು. ಅಳಿಯನಿಗೆ ಎದುರಾಡುವುದು ಚಂದಯ್ಯನ ಸ್ವಭಾವವಲ್ಲ. ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಹಿತ್ತಿಲಿಗೆ ಹೋಗಿ ಬಾವಿಯ ಹಗ್ಗವನ್ನು ಒಂದಷ್ಟು ಹೊತ್ತು ಜಗ್ಗಿದನು. ಆಮೇಲೆ ಅವನಿಗೆ ಒಂದು ಉಪಾಯ ಹೊಳೆಯಿತು. ದೋಷ ತನ್ನ ಕೈಯಲ್ಲಿರಲಾರದು, ರಬ್ಬರಿಗೆ ವಾಸನೆಯಿಲ್ಲದಿರುವುದೇ ದೋಷ. ಕೊಕ್ಕೆಯಲ್ಲಿದ್ದ ಒಂದು ಕಡ್ಡಿಯನ್ನು ಹಾಗೆಯೇ ಬಿಟ್ಟು, ಕೋಲನ್ನು ಜಗಲಿಯ ಮೂಲೆಗೆ ಒರಗಿಸಿ, ಉಳಿದ ಆರನ್ನೂ ಒಣಸಿಗಡಿಯ ಡಬ್ಬಿಯಲ್ಲಿ ಹುದುಗಿಸಿದನು. ಯಾರಿಗೂ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ರಬ್ಬರು ವಾಸನೆ ಹಿಡಿಯಲೆಂದು ಬಿಟ್ಟು, ಒಂದು ಗಡಿಗೆ ಸಿಗಡಿಯೊಡನೆ ತನ್ನ ಹಳೆಯ ದಾರವನ್ನು ಹಿಡಿದು ಹೊಳೆಗೆ ಹೋದನು. ಅರ್ಧ ಗಡಿಗೆಯನ್ನು ಏಡಿಗಳು ತಿಂದವು. ಊಟಕ್ಕೆ ಮನೆಗೆ ಬಂದಾಗ ಅಂಗಳದ ಚಾಪೆಯ ಮೇಲೆ, ಉರಿಬಿಸಿಲಿನಲ್ಲಿ, ಬೀಗರ ಮನೆಗೆ ಕಳುಹಿಸಲಿದ್ದ ಒಣಮೀನಿನ ನಡುವೆ ಅವನ ಕಡ್ಡಿಗಳು ಸಾಲಾಗಿ ಮಲಗಿದ್ದವು. ಕನ್ನಡಕ ಹಾಕದ ಹೆಂಡತಿ ಸರಸ, ಡಬ್ಬಿಯಲ್ಲಿ ಉಪ್ಪು ಮೆತ್ತಿದ್ದ ಮೆದುವಾದ ವಸ್ತುಗಳನ್ನು ಕಂಡು, ಸರಿಯಾಗಿ ಒಣಗದ ಮೀನೆಂದು ತಿಳಿದು, ಹಳೆಯ ಉಪ್ಪನ್ನು ತೊಳೆದು ಹೊಸ ಉಪ್ಪು ಸವರಿ ಬಿಸಿಲಿಗಿಟ್ಟಿದ್ದಳು. ಒಂದನ್ನು ಕಾಗೆ ಒಯ್ದಿತ್ತು. ಉಳಿದ ಐದು ಕಾವಿಗೆ ಬಾಗಿ, ಡೊಂಕಾಗಿ, ಒಂದಕ್ಕೊಂದು ಅಂಟಿಕೊಂಡಿದ್ದವು. ನೆಟ್ಟಗಿಲ್ಲದ ಕಡ್ಡಿ ನೀರಿನಲ್ಲಿ ನಡುಗುವುದಿಲ್ಲ, ಗಿರಗಿರನೆ ತಿರುಗುತ್ತದೆ.

ಚಂದಯ್ಯನ ಮುಖವನ್ನು ನೋಡಿ ಸರಸ ತಾನೇ ಮೊದಲು ಮಾತೆತ್ತಿದಳು. "ಒಣ್ಮೀನ್ ಡಬ್ಬಿಯಂಗ್ ಇದ್ದದ್ದನ್ನ್ ಬಿಸ್ಲಿಗ್ ಹಾಕ್ದೆ ಎಂತ ಮಾಡೂದ್? ಅದ್ ಮೀನಲ್ಲ ಅಂದ್ ನೀವ್ ಹೇಳ್ಕಲ್ದಾ?"

ಅದೇ ಹೊತ್ತಿಗೆ ಸುಗುಣಕ್ಕ ಬಸ್ಸಿಳಿದು ಬಂದು, ಮೀನೆಲ್ಲಿ ಎಂದು ಕೇಳಿದಳು. ಅವಳ ಹಿಂದೆಯೇ ಸುಜನ್ ಬಂದು, ಎಳೆದಿರಾ ಎಂದು ಕೇಳಿದನು. ಅಮಿತಾ ಮಾತ್ರ ಏನನ್ನೂ ಕೇಳದೆ ತಂದೆಗೆ ಗಂಜಿ ಬಡಿಸಿದಳು. ಬಡಿಸುವಾಗ ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು. ಚಂದಯ್ಯನು ಗಂಜಿಯನ್ನು ಅರ್ಧಕ್ಕೆ ಬಿಟ್ಟು ಎದ್ದನು. ಸಿಗಡಿಯ ಗಡಿಗೆಯೊಡನೆ ಜಗಲಿಯ ಮೂಲೆಯ ಕೋಲನ್ನು ತೆಗೆದುಕೊಂಡನು. ಅದರ ಕೊಕ್ಕೆಯಲ್ಲಿ, ನೆರಳಿನಲ್ಲಿ ಉಳಿದುದರಿಂದ, ಒಂದೇ ಒಂದು ನೆಟ್ಟನೆಯ ಕಡ್ಡಿ ಇತ್ತು.

ಸುಜನ್ ಹಿಂದೆಯೇ ಬಂದನು. ಬಿಸಿಲು ಇಳಿಯುವವರೆಗೆ ಹದಿನೆಂಟು ಸಲ ಎಸೆದು ಹದಿನೆಂಟು ಸಲವೂ ಎಳೆದದ್ದಾಯಿತು. ಅಳಿಯನು ಪ್ರತಿ ಸಲವೂ ನಾಲಗೆಯಿಂದ ಒಂದು ಸಣ್ಣ ಸದ್ದು ಮಾಡಿದನು. ಹತ್ತೊಂಬತ್ತನೆಯದಕ್ಕೆ ಮೊದಲು, ಎಂದೂ ಹೊಳೆಯನ್ನು ಬೈಯದ ಚಂದಯ್ಯನು ಅಂದು ಬೈದನು. ಹೊಳೆಯನ್ನು, ಏಡಿಗಳನ್ನು, ರಬ್ಬರು ಮಾಡಿದವನನ್ನು, ಕಾಗೆಯನ್ನು, ಬಸ್ಸಿನವನನ್ನು ಬೈದು, ಉಳಿದಿದ್ದ ಅರ್ಧ ಗಡಿಗೆ ಸಿಗಡಿಯನ್ನೂ ನೀರಿಗೆ ಸುರಿದುಬಿಟ್ಟನು.

"ತಿನ್ನಿ, ಎಲ್ಲ ನೀವೇ ತಿನ್ನಿ," ಎಂದನು. "ಇನ್ ನಾ ಬೆರಳೂ ಆಡ್ಸೂದಿಲ್ಲೆ."

ಕಡ್ಡಿಯನ್ನು ಅದೇ ಜಾಗಕ್ಕೆ ಎಸೆದು, ಕೋಲನ್ನು ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿ, ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟು ಮುಖ ತಿರುಗಿಸಿ ಕುಳಿತನು. ಕಡ್ಡಿ ಇಳಿಯಿತು. ಹದಿನೇಳು ವರ್ಷಗಳಲ್ಲಿ ಮೊದಲ ಬಾರಿಗೆ ಆ ಹೊಳೆಯಲ್ಲಿ ಅವನ ದಾರವನ್ನು ಯಾರೂ ಎಳೆಯಲಿಲ್ಲ. ಹತ್ತು ಎಣಿಸುವಷ್ಟರಲ್ಲಿ ಕೋಲಿನ ತುದಿ ನೀರಿಗೆ ಬಾಗಿತು.

"ಮಾವ, ಎಳಿನಿ, ಎಳಿನಿ," ಎಂದು ಸುಜನ್ ಎದ್ದು ನಿಂತನು.

"ಮೂರ್ ದಿನ ಎಳುಕಾಗ ಎಳುಕಾಗ ಅಂದ್ ಜೀವ ತಿಂದ್ರಿ," ಎಂದನು ಚಂದಯ್ಯ, ಕೋಲನ್ನು ಹಿಡಿಯುತ್ತ. "ಈಗ್ ಎಳುಕಾ?"

ಅಳಿಯನು ನೆರವಿಗೆ ಚಾಚಿದ ಕೈಯನ್ನು ಮೊಣಕೈಯಿಂದಲೇ ತಳ್ಳಿದನು. ಕಟ್ಟಳೆಯಂತೆ ಬೇರೆಯವರ ಕೈ ಸೋಕಬಾರದು. ಹಳೆಯ ಪೆಟ್ಟಿನ ಭುಜ ಸುಟ್ಟಂತೆ ನೋಯುತ್ತಿತ್ತು. ಅರ್ಧ ತಾಸಿನ ಮೇಲೆ ಮೂರೂವರೆ ಕಿಲೋದ ಬೆಳ್ಳಿಮೈಯ ಕುರುಡಿಯೊಂದು ಕಲ್ಲಿನ ಮೆಟ್ಟಿಲ ಮೇಲೆ ಬಾಯಿ ತೆರೆಯುತ್ತ ಬಿದ್ದಿತ್ತು.

ಸಂಕಟ ಅಲ್ಲಿಗೂ ಮುಗಿಯಲಿಲ್ಲ. ಅಂಗಳದಲ್ಲಿ ಮೀನನ್ನು ಇಳಿಸಿದಾಗ ಸುಗುಣಕ್ಕ ಅದರ ತುಟಿಯ ಗಾಯವನ್ನು ನೋಡಿ ತೃಪ್ತಳಾದಳು. ಕೊಕ್ಕೆಯಲ್ಲಿ ನೇತಾಡುತ್ತಿದ್ದ ಕಡ್ಡಿಯನ್ನು ನೋಡಿ ತೃಪ್ತಳಾಗಲಿಲ್ಲ. ಎರಡು ಬೆರಳಿನಿಂದ ಅದನ್ನು ಎತ್ತಿ ಹಿಡಿದಳು.

"ಹಸ್ದ್ ಉಂಬುಕ್ ಬಂದ್ ಮೀನಿಗ್ ರಬ್ಬರ್ ತೋರ್ಸಿ ಮೋಸ ಮಾಡಿದ್ಯಾ ಚಂದಯ್ಯ? ಉಪಾಸ ಹೊಟ್ಟಿ ಮೀನ್ ಹೆಣ್ಣಿನ್ ಎಲಿಗ್ ಹಾಕುಕಾಗ."

ಚಂದಯ್ಯನು ಜಗಲಿಯ ಮೆಟ್ಟಿಲ ಮೇಲೆ ಕುಳಿತನು. ಅಕ್ಕನ ಮಾತು ಕಠಿಣವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ದಂಡೆಯಲ್ಲಿ ನಿಂತಾಗಿನಿಂದ ಅದೇ ಅಳುಕು ಅವನೊಳಗೂ ಇತ್ತು. ನಾಳೆ ಬೆಳಗಾದರೆ ಊಟ. ಇನ್ನೊಂದು ಮೀನಿಗೆ ಹೊತ್ತಿಲ್ಲ, ಎರೆಯಿಲ್ಲ, ಭುಜವೂ ಇಲ್ಲ.

ಸರಸ, ಹೇಗಿದ್ದರೂ ಮೀನನ್ನು ಕೆಡಿಸುವುದು ಬೇಡವೆಂದು ಮೆಟ್ಟುಗತ್ತಿಯನ್ನು ಎಳೆದುಕೊಂಡು ಕುಳಿತಳು. ಈ ಸಲ ಕನ್ನಡಕ ಹಾಕಿಕೊಂಡಿದ್ದಳು. ಹೊಟ್ಟೆಯನ್ನು ಸೀಳಿದವಳು ಕೈ ನಿಲ್ಲಿಸಿ, ಒಳಗಿನಿಂದ ಒಂದೊಂದಾಗಿ ಏಳು ಸಿಗಡಿಗಳನ್ನು ತೆಗೆದು ಬಾಳೆಲೆಯ ಮೇಲಿಟ್ಟಳು. ಇನ್ನೂ ಕರಗದೆ ಇಡಿಯಾಗಿದ್ದವು. ಏಳರ ತಲೆಯ ಮುಳ್ಳನ್ನೂ ಯಾರೋ ಉಗುರಿನಿಂದ ಚಿವುಟಿದ್ದರು.

"ಅಕ್ಕ, ಕಾಣಿ," ಎಂದಳು ಸರಸ. "ಇವ್ರ್ ಉಣ್ಸಿಯೇ ತಂದದ್."

ಸುಗುಣಕ್ಕ ಬಾಗಿ ಒಂದೊಂದನ್ನೂ ತಿರುಗಿಸಿ ನೋಡಿದಳು. ಆ ಮುಳ್ಳು ಚಿವುಟುವ ಅಭ್ಯಾಸವನ್ನು ತಮ್ಮನಿಗೆ ಚಿಕ್ಕಂದಿನಲ್ಲಿ ಕಲಿಸಿದವಳೇ ಅವಳು. ತಲೆಯ ಭಾಗವನ್ನು ಬೇರೆಯಾಗಿ ಇಡಬೇಕು, ಮಗಳ ಎಲೆಗೆ ಅದೇ ಮೊದಲು ಬೀಳಬೇಕು ಎಂದು ಸರಸಳಿಗೆ ಹೇಳಿ ಕೈತೊಳೆಯಲು ಎದ್ದಳು. ಭಾನುವಾರ ಅಮಿತಾ ಎಲೆಯಲ್ಲಿ ಮುಳ್ಳಲ್ಲದೆ ಬೇರೇನನ್ನೂ ಉಳಿಸಲಿಲ್ಲ. ಸುಜನ್ ಕೊಡಲು ಬಂದ ಹೊಸ ಪೊಟ್ಟಣವನ್ನು ಚಂದಯ್ಯನು ಎರಡೂ ಕೈಯೆತ್ತಿ ಮುಗಿದು ಹಿಂದಕ್ಕೆ ಕೊಟ್ಟನು.

ಆ ಭುಜದ ನೋವು ಮಳೆಗಾಲದಲ್ಲಿಯೂ ಏಳದಿರಲಿ. ಸರಸಮ್ಮನ ಚಾಪೆಯ ಮೇಲೆ ಒಣಗುವುದೆಲ್ಲ ಮೀನೇ ಆಗಿರಲಿ, ಕಾಗೆಗಳು ಅದರಿಂದ ದೂರವಿರಲಿ. ಸುಗುಣಕ್ಕನ ಕಣ್ಣು ಇನ್ನೂ ಬಹುಕಾಲ ಹೀಗೆಯೇ ಚುರುಕಾಗಿದ್ದು ಮನೆತನವನ್ನು ಕಾಯಲಿ. ಅಳಿಯನ ಅಂಗಡಿಗೆ ಲಾಭವೂ ನಾಲಗೆಗೆ ಸ್ವಲ್ಪ ವಿರಾಮವೂ ದೊರೆಯಲಿ. ಅಮಿತಾಳ ಮಗುವು ಹೊತ್ತುಹೊತ್ತಿಗೆ ಹಸಿದು, ಹಸಿದಾಗಲೆಲ್ಲ ಉಂಡು, ಅಜ್ಜನ ತೋರುಬೆರಳನ್ನು ಹಿಡಿದು ಆ ಕಲ್ಲಿನ ಮೆಟ್ಟಿಲುಗಳನ್ನು ಇಳಿಯಲಿ. ಕಡಲಿಗೂ ಹೊಳೆಗೂ ನಡುವೆ ನಿಂತಿರುವ ಆ ಮನೆಯನ್ನು ನೆರೆಯ ಗುಡಿಯ ವರಾಹಸ್ವಾಮಿಯು ಎರಡೂ ಕಡೆಯ ನೀರಿನಿಂದ ಕಾಪಾಡಲಿ, ಎರಡೂ ಕಡೆಯ ನೀರಿನಿಂದ ಪೊರೆಯಲಿ.