ಫೈನ್ ಎನ್ನುವ ಜೆಸ್ಸಿ ಬಾಯಿ
ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಜೆಸ್ಸಿ ಬಾಯಿಗೆ ಹುಷಾರಿಲ್ಲ ಎಂದು ಹೇಳಲು ಬರುವುದಿಲ್ಲ. ಸೊಂಟದಿಂದ ಬೆರಳುಗಳ ತನಕ ಸಂಧಿವಾತ ಹಿಡಿದಿದ್ದರೂ ಚರ್ಚಿನಲ್ಲಿ ಯಾರಾದರೂ ಕುರ್ಚಿ ಕೊಟ್ಟರೆ ಅದನ್ನು ಬೇರೆಯವರಿಗೆ ದಾಟಿಸುತ್ತಾರೆ; ನೋವು ಹೆಚ್ಚಾದ ದಿನ ಲಿಪ್‌ಸ್ಟಿಕ್ಕೂ ಗಾಢವಾಗುತ್ತದೆ. ಅಂಗವಿಕಲರ ಪಾರ್ಕಿಂಗ್ ಪರ್ಮಿಟ್ಟಿನ ತಪಾಸಣೆಗೂ ಅವರು ಮುತ್ತಿನ ಸರ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ ನಡೆದೇ ಹೋದರು. “ಹೇಗಿದ್ದೀರಿ?” ಎಂದ ಡಾಕ್ಟರಿಗೆ “ಫೈನ್, ನೀವು ಹೇಗಿದ್ದೀರಿ?” ಎಂದರು. ಅರ್ಜಿ ತಿರಸ್ಕೃತವಾಯಿತು. “ಸ್ವಲ್ಪ ನೋವು ತೋರಿಸಿದ್ರೆ ನಿಂದು ಎಂಥ ಹೋಗ್ತಿತ್ತು ಮಾರಾಯ್ತಿ?” ಎಂದು ಗಂಡ ಲಿಯೊನೆಲ್ ಗದರಿದರು. “ನಾಟಕ ಮಾಡ್ಲಿಕ್ಕೆ ನಂಗೆ ಬರುದಿಲ್ಲ,” ಎಂದರು ಜೆಸ್ಸಿ, ದಿನವಿಡೀ ಮಾಡುವುದು ಅದನ್ನೇ ಆದರೂ. ಲಿಯೊನೆಲ್ ಮೇಲ್ಮನವಿ ಹಾಕಿದರು. ಈ ಸಲ ಕೂತಿದ್ದ ಬೇರೊಬ್ಬ ಡಾಕ್ಟರಮ್ಮ ಹೇಗಿದ್ದೀರಿ ಎಂದು ಕೇಳಲೇ ಇಲ್ಲ. “ಬೆಳಿಗ್ಗೆ ಚಪ್ಪಲಿ ಯಾರು ಹಾಕಿಕೊಟ್ಟರು?” ಎಂದರು. ಜೆಸ್ಸಿ ಪಕ್ಕದಲ್ಲಿ ಕೂತಿದ್ದ ಗಂಡನ ಕಡೆ ತಿರುಗಿದರು. “ಇವರು,” ಎಂದರು. ಆಮೇಲೆ ಮಾತು ನಿಲ್ಲಲಿಲ್ಲ: “ತಲೆಯೂ ಇವರೇ ಬಾಚುದು ಡಾಕ್ಟರ್. ಬೈತಲೆ ಯಾವಾಗಲೂ ಸೊಟ್ಟ.” ಪರ್ಮಿಟ್ ಸಿಕ್ಕಿತು. “ಖಲಾಸ್, ಕೆಲಸ ಮುಗೀತು, ಗೆದ್ದೆವಲ್ಲ!” ಎಂದು ಲಿಯೊನೆಲ್ ಹಿಗ್ಗಿದರು. ಜೆಸ್ಸಿ ಎಲ್ಲರೂ ನೋಡುತ್ತಿದ್ದಂತೆಯೇ ಅವರ ತೋಳಿಗೆ ಪೂರ್ತಿ ಭಾರ ಬಿಟ್ಟು, ಕಾರಿನ ತನಕ ನಿಧಾನವಾಗಿ ನಡೆದರು.