ಅಸ್ಪಷ್ಟವೆಂದು ಬರೆಯದ ಕಾಕಾ

ಕಾಕಾ ಅವರ ಬಲಗಿವಿ ಎಡಗಿವಿಗಿಂತ ಚಪ್ಪಟೆಯಾಗಿತ್ತು. ಇಲ್ಲಿ ಬಂಗಾಳದಲ್ಲಿ, ಗಾರ್ಡನ್ ರೀಚಿನ ರೈಲ್ವೆ ಆಫೀಸಿಗೆ ಬರುವ ಮೊದಲು ವರ್ಷಗಟ್ಟಲೆ ಕಂಟ್ರೋಲ್ ರೂಮಿನಲ್ಲಿ ಕೂತು, ಆ ಕಿವಿಗೆ ಫೋನು ಒತ್ತಿಕೊಂಡು ಸ್ಟೇಷನ್ ಮಾಸ್ತರರ ಮಾತು ಕೇಳಿದ್ದರ ಗುರುತು ಅದು. ನಿವೃತ್ತರಾಗಿ ನಮ್ಮಲ್ಲಿಗೆ ಬಂದ ಮೇಲೂ ಹೆಡ್‌ಫೋನನ್ನು ಅದೊಂದೇ ಕಿವಿಗೆ ಹಾಕುತ್ತಿದ್ದರು. ಕಣ್ಣು ಮುಚ್ಚಿ, ಕೇಳಿದ ಮಾತನ್ನು ತುಟಿಯಲ್ಲೇ ತಿರುಗಿ ಹೇಳಿಕೊಂಡು, ಆಮೇಲೆ ಎರಡೇ ಬೆರಳಿನಲ್ಲಿ ಟೈಪು ಮಾಡುವರು.

ನಮ್ಮದು ಸಾಲ್ಟ್ ಲೇಕ್‌ನಲ್ಲಿರುವ ಆನೆಯಂಥ ಸಾಫ್ಟ್‌ವೇರ್ ಕಂಪನಿ. ನಾಳಿನ ಜಗತ್ತನ್ನು ಕಟ್ಟುವವರು ನಾವೇ ಎಂದು ಲಿಫ್ಟಿನ ಪಕ್ಕದಲ್ಲಿ ಬರೆದಿತ್ತು. ಆ ನಾಳೆಯ ಕನ್ನಡದ ಮೂಲೆ ನನ್ನ ಪಾಲಿಗೆ ಬಂದಿತ್ತು. ಫೋನಿಗೆ ಕನ್ನಡದಲ್ಲಿ ಹೇಳಿದ್ದನ್ನು ಬಂಗಾಳಿಯಲ್ಲೋ ಹಿಂದಿಯಲ್ಲೋ ಹೇಳಿಕೊಡುವ ಯಂತ್ರ ಅದು. ಅದಕ್ಕೆ ಕಿವಿ ಬರಬೇಕಾದರೆ ಸಾವಿರಾರು ಜನರ ಧ್ವನಿಯನ್ನು ಕೇಳಿ, ಅಂದದ್ದನ್ನು ಅಂದ ಹಾಗೆ ಯಾರಾದರೂ ಬರೆದುಕೊಡಬೇಕು. ತಿಳಿಯದಿದ್ದರೆ 'ಅಸ್ಪಷ್ಟ' ಎಂಬ ಗುಂಡಿ ಒತ್ತಿದರಾಯಿತು, ಆ ತುಣುಕು ಅಳಿಸಿಹೋಗುತ್ತದೆ. ನನ್ನದು ಮೈಸೂರಿನ ಕಿವಿ. ಬೀದರಿನ ಅಜ್ಜ, ಕೊಪ್ಪಳದ ಅಜ್ಜಿ ಬಂದರೆ ಹಿಂದೆ ಮುಂದೆ ನೋಡದೆ ಗುಂಡಿ ಒತ್ತುತ್ತಿದ್ದೆ.

ಕಾಕಾ ಒತ್ತಿದವರೇ ಅಲ್ಲ. ಧಾರವಾಡದ ಕಡೆಯವರು, ಚಿಕ್ಕಪ್ಪನಿಗೆ ಬಂಗಾಳಿಯಲ್ಲೂ 'ಕಾಕಾ' ಎನ್ನುವುದರಿಂದ ಸಹೋದ್ಯೋಗಿಗಳಿಗೂ ಕರೆಯಲು ಸಲೀಸಾಗಿ ಎಲ್ಲರಿಗೂ ಕಾಕಾ ಆಗಿಬಿಟ್ಟಿದ್ದರು. ಒಂದೊಂದು ತುಣುಕನ್ನು ಇಪ್ಪತ್ತು ಸಲ ಕೇಳುವರು. ಉಳಿದವರು ನೂರು ಮುಗಿಸುವಷ್ಟರಲ್ಲಿ ಇವರದು ಮೂವತ್ತು.

"ಕಾಕಾ, ತಿಳೀದಿದ್ರೆ ಬಿಟ್ಬಿಡಿ" ಎಂದೆ ಒಮ್ಮೆ.

"ಹಂಗ ಬಿಡಾಕ ಬರೂದಿಲ್ಲ ತಂಗಿ. ಕಂಟ್ರೋಲಿನ್ಯಾಗ, ಕೇಳಿದ್ದು ತಿರುಗಿ ಹೇಳದ ಹೊರತು ಗಾಡಿ ಬಿಡತಿದ್ದಿಲ್ಲ. ತಿಳೀಲಿಲ್ಲ ಅಂದ್ರ ತಪ್ಪು ಕೇಳಾಂವಂದು, ಹೇಳಾಂವಂದಲ್ಲ."

ಇಷ್ಟು ಹಟ ಯಾಕೆಂದು ತಿಳಿದದ್ದು ಬಾಲಿಗಂಜ್‌ನ ಅವರ ಫ್ಲಾಟಿಗೆ ಊಟಕ್ಕೆ ಹೋದಾಗ. ಅವರ ಹೆಂಡತಿಗೆ ಪಾರ್ಶ್ವವಾಯು ಬಡಿದು ನಾಲಗೆ ತೊಡರುತ್ತಿತ್ತು. ಮೊದಲು ಬರುತ್ತಿದ್ದ ಹಿಂದಿ, ಬಂಗಾಳಿ ಎರಡೂ ಹೋಗಿ ಕನ್ನಡವೊಂದೇ, ಅದೂ ಮುರಿದು ಮುರಿದು, ಉಳಿದಿತ್ತು. ನೋಡಿಕೊಳ್ಳಲು ಲೋಕಲ್ ಟ್ರೈನಿನಲ್ಲಿ ಬರುತ್ತಿದ್ದ ಬಂಗಾಳಿ ಕೆಲಸದಾಕೆ ಮಾಶಿಗೆ ಕನ್ನಡದ ಒಂದಕ್ಷರವೂ ತಿಳಿಯದು. ಮಕ್ಕಳಿಲ್ಲ.

"ಈ ಊರಾಗ ಆಕಿ ಮಾತು ನನಗೊಬ್ಬಗ ತಿಳೀತದ" ಎಂದರು ಕಾಕಾ, ಹೆಂಡತಿಗೆ ಅನ್ನ ಕಲಸಿಕೊಡುತ್ತಾ. "ನಾ ಹೋದ ಮ್ಯಾಲ ಆಕಿ ಯಾರ ಜೋಡಿ ಮಾತಾಡಬೇಕು? ಅದಕ್ಕಽ ನಿಮ್ಮ ಯಂತ್ರಕ್ಕ ಬಂದೀನಿ."

ಹೆಂಡತಿಯ ನಲವತ್ತು ಮಾತುಗಳನ್ನು ಧ್ವನಿಮುದ್ರಿಸಿ, ಆಕೆಯ ಹೆಬ್ಬೆಟ್ಟಿನ ಒಪ್ಪಿಗೆಯೊಂದಿಗೆ ಅವರು ತಾವು ಬರೆಯಬೇಕಾದ ತುಣುಕುಗಳ ಪಟ್ಟಿಗೆ ಸೇರಿಸಿದ್ದರು. ಸಾವಧಾನವಾಗಿ ಬರೆಯಬೇಕೆಂದು ಅವನ್ನು ಕಟ್ಟಕಡೆಗೆ ಇಟ್ಟುಕೊಂಡಿದ್ದರು. ಅದನ್ನು ನನಗೆ ಹೇಳಿರಲಿಲ್ಲ.

ಪಟ್ಟಿ ಮುಚ್ಚುವ ದಿನ ಬಂತು. ಆ ಮಧ್ಯಾಹ್ನ ಕಾಕಾ ಹೆಂಡತಿಯನ್ನು ಆಸ್ಪತ್ರೆಗೆ ತೋರಿಸಲು ಹೋಗಿದ್ದರು. ಅವರ ಹೆಸರಿನಲ್ಲಿ ಇನ್ನೂರು ಚಿಲ್ಲರೆ ತುಣುಕುಗಳು ಬಾಕಿ. ಹೀಗೇ ಬಿಟ್ಟರೆ ಕೆಲಸದಿಂದ ತೆಗೆಯುತ್ತಾರೆ, ಪಾಪ, ಎಂದುಕೊಂಡೆ. ಅಷ್ಟನ್ನೂ ಒಟ್ಟಿಗೆ ಆರಿಸಿ 'ಅಸ್ಪಷ್ಟ' ಒತ್ತಿದೆ. ಒಂದನ್ನೂ ಕೇಳಲಿಲ್ಲ. ಉಪಕಾರ ಮಾಡಿದೆನೆಂಬ ಹೆಮ್ಮೆಯಲ್ಲಿ ಚಹಾ ಕುಡಿಯಲು ಹೋದೆ.

ಮರುದಿನ ಕಾಕಾ ಬಂದು ಪಟ್ಟಿ ತೆರೆದು, ಮೇಲಿಂದ ಕೆಳಗೆ ಎರಡು ಸಲ ನೋಡಿದರು. "ನಮ್ಮಾಕೀವು ನಲವತ್ತಿದ್ದೂ, ಎಲ್ಲಿ ಹೋದೂ ತಂಗಿ?" ಎಂದು ಕೇಳಿದರು. ನಾನು ಅಳಿಸಿದ್ದರಲ್ಲಿ ಅವರ ಹೆಂಡತಿಯ ಮಾತುಗಳೂ ಇದ್ದವೆಂದು ಆಗ ತಿಳಿಯಿತು. ಅಳಿಸಿದ್ದನ್ನು ಮರಳಿ ತರುವ ದಾರಿ ಇರಲಿಲ್ಲ, ಪಟ್ಟಿಯ ಗಡುವು ಮುಗಿದಿದ್ದರಿಂದ ಹೊಸದಾಗಿ ಸೇರಿಸುವ ದಾರಿಯೂ ಇರಲಿಲ್ಲ. "ಸಿಸ್ಟಮ್ ತಗೊಂಡಿದೆ ಕಾಕಾ, ಎಲ್ಲಾ ಒಳಗೆ ಹೋಗಿದೆ" ಎಂದುಬಿಟ್ಟೆ. ಅವರು ನಂಬಿದರು. ನನ್ನನ್ನು ನಂಬದಿರಲು ಅವರಿಗೆ ಕಾರಣವಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಯಂತ್ರದ ಪರೀಕ್ಷೆಯ ಆವೃತ್ತಿ ನಮ್ಮ ಫೋನುಗಳಿಗೆ ಬಂತು. ಕಾಕಾ ನನ್ನನ್ನೇ ಮನೆಗೆ ಕರೆದೊಯ್ದರು. ಮಾಶಿಯನ್ನೂ ಎದುರಿಗೆ ಕೂರಿಸಿಕೊಂಡು, ಫೋನನ್ನು ಹೆಂಡತಿಯ ಬಾಯಿಯ ಹತ್ತಿರ ಹಿಡಿದರು. ಆಕೆ ಏನೋ ಹೇಳಿದರು. "ಕ್ಷಮಿಸಿ, ನಿಮ್ಮ ಮಾತು ಅರ್ಥವಾಗಲಿಲ್ಲ" ಎಂದಿತು ಫೋನು, ಬಹಳ ಇಂಪಾಗಿ. ನಾಲ್ಕು ಸಲ ಹೇಳಿದಾಗಲೂ ಅಷ್ಟೇ ಇಂಪಾಗಿ. ಆಕೆ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು.

"ಬೆನ್ನೋವು ಭಾಳ ಆಗೇದ, ಬಿಸಿನೀರಿನ ಚೀಲಾ ಕೊಡು, ಅಂದ್ಲು" ಎಂದರು ಕಾಕಾ. ಆಮೇಲೆ ಮೆಲ್ಲಗೆ, "ನಾನಽ ಸರಿಯಾಗಿ ಕಲಿಸಲಿಲ್ಲ ಕಾಣಸ್ತದ."

ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಹೇಡಿತನಕ್ಕೆ ಬೇರೆ ಹೆಸರು ಕೊಡಲಾರೆ.

ಹೋದ ವರ್ಷ ದುರ್ಗಾಪೂಜೆಗೆ ಮೊದಲು ಕಾಕಾ ಬಾಲಿಗಂಜ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕುಸಿದು ಹೋಗಿಬಿಟ್ಟರು. ತಪ್ಪು ತಮ್ಮದೆಂದು ತಿಳಿದುಕೊಂಡೇ ಹೋದರು. ಯಂತ್ರಕ್ಕೆ ಈಗ ಒಳ್ಳೆಯ ಹೆಸರಿದೆ. ಸ್ಪಷ್ಟವಾಗಿ ಮಾತಾಡುವವರು ಮೆಚ್ಚಿಕೊಂಡಿದ್ದಾರೆ. ತೊಡರುವವರ ಮಾತನ್ನೂ ಸೇರಿಸೋಣವೆಂದು ಕಂಪನಿಯ ಮೇಲಿನವರಿಗೆ ಎರಡು ಸಲ ಬರೆದುಕೊಟ್ಟೆ. ಅಂಥವರು ಎಷ್ಟು ಜನರಿದ್ದಾರು ಎಂದು ಕೇಳಿ, ಕಡತ ಮುಚ್ಚಿದರು.

ಭಾನುವಾರಗಳಂದು ಬಾಲಿಗಂಜ್‌ಗೆ ಹೋಗುತ್ತೇನೆ. ಕಾಕಾ ಕೂರುತ್ತಿದ್ದ ಕುರ್ಚಿಯಲ್ಲೇ ಕೂತು ಅವರ ಹೆಂಡತಿಯ ಮಾತು ಕೇಳುತ್ತೇನೆ. ಕೆಲವೊಮ್ಮೆ ಒಂದು ಪದ ಸಿಗುತ್ತದೆ, ಹೆಚ್ಚಿನ ಸಲ ಅದೂ ಇಲ್ಲ. ಕಳೆದ ವಾರ ಆಕೆ ನನ್ನ ಕೈ ಹಿಡಿದು ಒಂದೇ ಮಾತನ್ನು ಐದು ಸಲ ಹೇಳಿದರು. ಆರನೆಯ ಸಲ ಹೇಳುವಷ್ಟು ಉಸಿರು ಅವರಲ್ಲಿ ಉಳಿದಿರಲಿಲ್ಲ.

"ಕೀ ಬೋಲ್ಛೇನ್, ದಿದಿ?" ಏನು ಹೇಳುತ್ತಿದ್ದಾರೆ ಎಂದು ಮಾಶಿ ಕೇಳಿದಳು. ತಿಳಿಯದೆಂದು ನಾನು ತಲೆಯಾಡಿಸಿದೆ. ಅವಳು ಒಳಗೆ ಹೋಗಿ ಒಂದು ಲೋಟ ನೀರು ತಂದಳು. ಆಕೆ ಕೇಳಿದ್ದು ನೀರಲ್ಲ ಎಂಬಷ್ಟು ನನಗೂ ತಿಳಿಯುತ್ತಿತ್ತು. ಆದರೂ ಆಕೆ ಕುಡಿದರು.