ಕೊನೆಯ ಅಧ್ಯಾಯಕ್ಕೆ ಪಿನ್ ಹೊಡೆದ ಮಿಸ್

ಅವರ ಎಡಗಣ್ಣು ಬಲಗಣ್ಣಿಗಿಂತ ತುಸು ಚಿಕ್ಕದು. ಎದುರಿಗಿದ್ದವರು ಮಾತು ಶುರುಮಾಡಿದರೆ ಅದು ಇನ್ನೂ ಚಿಕ್ಕದಾಗುತ್ತಿತ್ತು. ಮಾತು ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಮುಚ್ಚಿಯೇ ಹೋಗಿರುತ್ತಿತ್ತು. ಜನ್ಮವಿಡೀ ಜನರನ್ನು ಅನುಮಾನದಿಂದ ನೋಡಿ ನೋಡಿ ಹಾಗಾಗಿದೆ ಎಂದು ಕ್ವಾರ್ಟರ್ಸಿನ ಮಕ್ಕಳೆಲ್ಲ ನಂಬಿದ್ದೆವು.

ಜಾಲಹಳ್ಳಿಯಲ್ಲಿ ನಮ್ಮಪ್ಪ ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯದೇ ಒಂದು ಶಾಲೆ ಇತ್ತು. ಅಲ್ಲಿ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸುತ್ತಿದ್ದ ಮಿಸ್ ಅವರು. ನಮ್ಮ ಹಿಂದಿನ ಸಾಲಿನ ಮನೆಯಲ್ಲಿ ಒಬ್ಬರೇ ಇದ್ದರು. ಬೀಗ ಹಾಕಿ, ಎಳೆದು ನೋಡಿ, ಗೇಟಿನವರೆಗೆ ಹೋಗಿ, ವಾಪಸ್ ಬಂದು ಮತ್ತೆ ಎಳೆಯುತ್ತಿದ್ದರು. ಹಾಲಿನ ಪ್ಯಾಕೆಟ್ಟನ್ನು ಅಂಗೈಯಲ್ಲಿ ತೂಗಿ ನೋಡಿಯೇ ಒಳಗಿಡುತ್ತಿದ್ದುದು. ಫ್ಯಾಕ್ಟರಿಯ ಸೈರನ್ನಿಗೂ ಅವರ ಕೈಗಡಿಯಾರಕ್ಕೂ ತಾಳೆಯಾಗದಿದ್ದರೆ ತಪ್ಪು ಸೈರನ್ನಿನದೇ. ಸೊಪ್ಪು ಮಾರುವವನು ಆ ಸಾಲಿಗೆ ಬಂದಾಗ ಕೂಗುವುದನ್ನು ನಿಲ್ಲಿಸಿ ಗಾಡಿ ತಳ್ಳುತ್ತಿದ್ದ.

ನಾನು ಏಳನೆಯ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ನಮ್ಮ ಶಾಲೆಯ ಹೈಸ್ಕೂಲು ಇಂಗ್ಲಿಷ್ ಮೀಡಿಯಂ ಮಾತ್ರ. ಎಂಟಕ್ಕೆ ಸೇರಬೇಕೆಂದರೆ ಬೇಸಿಗೆ ರಜೆಯಲ್ಲಿ ಶಾಲೆಯವರು ಕೊಟ್ಟ ಒಂದು ಇಂಗ್ಲಿಷ್ ಕತೆಪುಸ್ತಕ ಓದಿ, ಜೂನ್‌ನಲ್ಲಿ ಹೆಡ್ ಮಿಸ್ ಎದುರು ಅದರ ಬಗ್ಗೆ ಮಾತಾಡಬೇಕಿತ್ತು. ಆಗಲಿಲ್ಲವೆಂದರೆ ಗೆಳತಿಯರನ್ನೆಲ್ಲ ಬಿಟ್ಟು ಬೇರೆ ಶಾಲೆ ಹುಡುಕಿಕೊಳ್ಳಬೇಕು. ಇಂಗ್ಲಿಷ್ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ನಾನು ಅಲ್ಲಿಯವರೆಗೆ ಓದಿರಲೇ ಇಲ್ಲ. ನನಗೆ ಜೀವವೇ ಬಾಯಿಗೆ ಬಂದಿತ್ತು.

ಪುಸ್ತಕ ಕೈಗೆ ಬಂದಾಗ ಅದರ ಕೊನೆಯ ಅಧ್ಯಾಯದ ಹಾಳೆಗಳಿಗೆಲ್ಲ ಸೇರಿಸಿ ಸ್ಟೇಪ್ಲರ್ ಪಿನ್ ಹೊಡೆದಿತ್ತು. ಇದು ಮಿಸ್ ಅವರದೇ ಪದ್ಧತಿ. ಓದುವ ಪುಸ್ತಕಗಳ ಸಾರಾಂಶವೆಲ್ಲ ರಜೆಗೆ ಮೊದಲೇ ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತಿತ್ತು. ಹಾಗಾಗಿ ಮಿಸ್ ಕೊನೆಗೆ ಬೀಗ ಹಾಕುತ್ತಿದ್ದರು. ಅಲ್ಲಿಯವರೆಗೆ ಓದಿ, ಮುಂದೇನಾಗಬಹುದು, ಯಾಕೆ ಎಂದು ಹೇಳಿದರೆ ಮಾತ್ರ ಪಿನ್ ತೆಗೆಯುತ್ತಿದ್ದರು. "ಕೊನೆ ಮಾತ್ರ ಗೊತ್ತಿರೋರು ಓದಿರಲ್ಲ ಕಣೇ. ಓದಿರೋರಿಗೆ ನಡುವೆ ಏನಿದೆ ಗೊತ್ತಿರುತ್ತೆ" ಎನ್ನುತ್ತಿದ್ದರು.

ಕನ್ನಡ ಮೀಡಿಯಂನವರು ಬೇಕಾದರೆ ಬೆಳಗ್ಗೆ ತಮ್ಮ ಮನೆ ಜಗಲಿಯಲ್ಲಿ ಕೂತು ಓದಬಹುದು ಎಂದು ಅವರೇ ಹೇಳಿಕಳಿಸಿದರು. ಫೀಸಿಲ್ಲ ಎಂದ ಕೂಡಲೇ ನಮ್ಮಮ್ಮನ ಕಿವಿ ನಿಮಿರಿತು.

"ಬಿಟ್ಟಿ ಹೇಳ್ಕೊಡೋರು ಯಾರಿದಾರೆ ಈ ಕಾಲದಲ್ಲಿ? ಪಾತ್ರೆಗೀತ್ರೆ ತೊಳೆಸ್ತಾರಾ ನೋಡ್ಕೊಂಡು ಬಾ."

ಪಾತ್ರೆ ತೊಳೆಸಲಿಲ್ಲ. ಆಮೇಲೆ ಅಮ್ಮ ಮರ್ಯಾದೆಗೆಂದು ಒಂದು ಬಾಟಲಿ ಮಾವಿನ ಮಿಡಿ ಉಪ್ಪಿನಕಾಯಿ ಕಳಿಸಿದಳು. ಮಿಸ್ ಮುಚ್ಚಳ ತೆಗೆದು ಮೂಸಿ, "ಯಾಕೆ ಕಳ್ಸಿದ್ರು?" ಎಂದು ಕೇಳಿದರು. "ಸುಮ್ನೆ ಮಿಸ್." "ಸುಮ್ನೆ ಯಾರೂ ಏನೂ ಕಳ್ಸಲ್ಲ." ಮಾರನೇ ದಿನ ಬಾಟಲಿ ತೊಳೆದು ವಾಪಸ್ ಕೊಟ್ಟರು. ಉಪ್ಪಿನಕಾಯಿ ಮಾತ್ರ ಇಟ್ಟುಕೊಂಡಿದ್ದರು.

ಕತೆಯ ಬಗ್ಗೆಯೂ ಅವರದು ಇದೇ ವರಸೆ. ಒಬ್ಬಂಟಿ ಮುದುಕನೊಬ್ಬ ತಾನೇ ಹೇಳಿಕೊಳ್ಳುವ ಕತೆ ಅದು. ಪಕ್ಕದ ಮನೆಯ ಮಕ್ಕಳ ನಾಯಿ ಕಳೆದುಹೋಗಿದೆ, ಮುದುಕ ಮಕ್ಕಳ ಜೊತೆ ಊರೆಲ್ಲ ಹುಡುಕುತ್ತಾನೆ. ಪಾಪ, ಎಷ್ಟು ಒಳ್ಳೆಯವನು ಎಂದುಕೊಂಡು ಓದುತ್ತಿದ್ದೆ. ಪುಟ ಮುಗಿದಾಗಲೆಲ್ಲ ಮಿಸ್ ಕೇಳುತ್ತಿದ್ದರು: "ಇದನ್ನ ಹೇಳ್ತಿರೋದು ಯಾರು? ಹೇಳಿದ್ರೆ ಅವನಿಗೇನು ಲಾಭ?" ಅರ್ಥವಾಗದ ಪದಕ್ಕೆ ನಾನು ತಡವರಿಸಿದರೆ, "ಗೊತ್ತಿಲ್ದಿರೋ ಪದಕ್ಕೆ ಹೆದರ್ಬೇಡ, ಡಿಕ್ಷನರಿ ಇದೆ. ಗೊತ್ತಿದೆ ಅಂದ್ಕೊಂಡಿರೋದೇ ಮೋಸ ಮಾಡೋದು" ಎನ್ನುತ್ತಿದ್ದರು.

ಮೊದಮೊದಲು ರೇಗುತ್ತಿತ್ತು. ಕತೆಯನ್ನು ಸುಖವಾಗಿ ಓದಲೂ ಬಿಡದ ಹೆಂಗಸು ಎನಿಸುತ್ತಿತ್ತು. ಆದರೆ ಅವರ ಗಾಳಿ ನನಗೂ ಸೋಕಿತು. ಒಂದು ದಿನ ಆ ಮುದುಕ ಮಾಂಸದಂಗಡಿಯಲ್ಲಿ ಮೂಳೆ ಕೊಂಡ ಸಾಲು ಓದಿ ನಿಂತುಬಿಟ್ಟೆ. ಹಿಂದಕ್ಕೆ ತಿರುವಿ ನೋಡಿದೆ. ಮೊದಲೂ ಕೊಂಡಿದ್ದ. ತನಗೆ ಹಲ್ಲೇ ಇಲ್ಲ, ಗಂಜಿ ಬಿಟ್ಟು ಏನೂ ಇಳಿಯುವುದಿಲ್ಲ ಎಂದು ಅವನೇ ಹೇಳಿಕೊಂಡಿದ್ದ.

ಪಿನ್ ಹೊಡೆದ ಜಾಗ ಮುಟ್ಟಿದ ದಿನ, "ನಾಯಿ ಆ ತಾತನ ಮನೇಲೇ ಇದೆ ಮಿಸ್" ಎಂದೆ.

ಅವರು ಪುಸ್ತಕ ಕಿತ್ತುಕೊಂಡು ಕಿಟಕಿ ಬೆಳಕಿಗೆ ಹಿಡಿದರು. ಪಿನ್ನುಗಳ ಮೇಲೆ ಉಗುರಾಡಿಸಿದರು.

"ಯಾರು ಹೇಳಿದ್ರು?"

"ಯಾರೂ ಇಲ್ಲ ಮಿಸ್."

"ಫೋನಲ್ಲಿ ನೋಡಿದ್ಯಾ?"

"ಫೋನು ಅಪ್ಪನ ಹತ್ರ ಇರುತ್ತೆ ಮಿಸ್."

"ಅಪ್ಪ ಸಂಜೆ ಮನೆಗೆ ಬರಲ್ವಾ?"

ಪಿನ್ ತೆಗೆಯಲಿಲ್ಲ, ಮನೆಗೆ ಕಳಿಸಿಬಿಟ್ಟರು. ನಾನು ಅಳುತ್ತ ಬಂದದ್ದು ನೋಡಿ ಅಮ್ಮ, "ಆ ಯಮ್ಮಂಗೆ ತನ್ನ ನೆರಳ ಮೇಲೂ ನಂಬಿಕೆ ಇಲ್ಲ, ಇನ್ನು ನಿನ್ನ ನಂಬ್ತಾಳಾ" ಎಂದಳು. ನನಗೆ ಸೀಟಿನ ಚಿಂತೆಗಿಂತ ಕಷ್ಟಪಟ್ಟು ಓದಿಯೂ ಕಳ್ಳಿ ಎನಿಸಿಕೊಂಡ ಉರಿಯೇ ದೊಡ್ಡದಾಗಿತ್ತು.

ಜೂನ್ ಬಂತು. ಹೆಡ್ ಮಿಸ್ ಕೋಣೆಯಲ್ಲಿ ಇವರೂ ಒಂದು ಕುರ್ಚಿಯಲ್ಲಿದ್ದರು. ಹೆಡ್ ಮಿಸ್ ನನ್ನ ಮುಖವನ್ನೂ ನೋಡದೆ, "ಓದಿದಾಳಾ ಈ ಹುಡುಗಿ?" ಎಂದು ಇವರನ್ನು ಕೇಳಿದರು. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ನಂಗೆ ಅನುಮಾನ ಇದೆ ಮೇಡಂ. ನೀವೇ ಕೇಳಿ."

ನನ್ನ ಕಿವಿ ಕಾದುಹೋಯಿತು. ಆವರೆಗೆ ಯಾರ ಎದುರೂ ಇಂಗ್ಲಿಷಿನಲ್ಲಿ ಬಾಯಿ ಬಿಡದ ನಾನು, "ಐ ಡಿಡ್ ನಾಟ್ ಸೀ ಫೋನ್. ಐ ಸಾ ಬೋನ್ಸ್" ಎಂದೆ. ಹೆಡ್ ಮಿಸ್ ಬೆಚ್ಚಿ ತಲೆಯೆತ್ತಿದರು. ನಾನು ಪುಸ್ತಕ ಎಳೆದುಕೊಂಡು ಮೂಳೆ ಕೊಂಡ ಪುಟ, ಹಲ್ಲಿಲ್ಲ ಎಂದ ಪುಟ, ಹಿತ್ತಲ ಬಾಗಿಲಿನ ಕಡೆಗೆ ಮಕ್ಕಳನ್ನು ಬಿಡದೇ ಇದ್ದ ಪುಟ, ಒಂದೊಂದೇ ತೆಗೆದು ತೋರಿಸಿದೆ. ಇಂಗ್ಲಿಷ್ ಅರೆಬರೆ, ಸಿಟ್ಟು ಪೂರ್ತಿ. ಹೆಡ್ ಮಿಸ್ ಪಿನ್ ಕಿತ್ತು ಕೊನೆಯ ಅಧ್ಯಾಯದ ಮೇಲೆ ಕಣ್ಣಾಡಿಸಿ ಜೋರಾಗಿ ನಕ್ಕರು. ಸೀಟು ಸಿಕ್ಕಿತು. ಮಿಸ್ ಮಾತ್ರ ನಗಲಿಲ್ಲ. ಹಾಳೆ ಹರಿದಿದೆಯೇನೋ ಎಂದು ಪುಸ್ತಕವನ್ನು ತಿರುವಿ ನೋಡುತ್ತಿದ್ದರು.

ಮುಂದೆ ಮೂರು ವರ್ಷ ಅವರ ಕೈಕೆಳಗೇ ಓದಿದೆ. ಹತ್ತನೆಯ ಕ್ಲಾಸು ಮುಗಿದ ಮೇಲೆ ಧೈರ್ಯ ಮಾಡಿ, ಅವತ್ತು ಹಾಗ್ಯಾಕೆ ಹೇಳಿದಿರಿ ಎಂದು ಕೇಳಿದೆ. "ನಾನು ಓದಿದಾಳೆ ಅಂದಿದ್ರೆ ನೀನು ಬಾಯೇ ಬಿಡ್ತಿರ್ಲಿಲ್ಲ" ಎಂದರು. ಚೆಂದದ ಉತ್ತರ. ಆದರೆ ಪೂರ್ತಿ ನಿಜವಲ್ಲ ಎಂದು ನನಗೆ ಈಗಲೂ ಗುಮಾನಿ. ಅವತ್ತು ಅವರಿಗೆ ನಿಜಕ್ಕೂ ನನ್ನ ಮೇಲೆ ಅನುಮಾನವಿತ್ತು, ಉತ್ತರ ಆಮೇಲೆ ಹೊಳೆದದ್ದು. ಹಾಗೆಂದು ಅವರ ಮುಖಕ್ಕೇ ಹೇಳಿದೆ. ಅವರು ಕಾಫಿ ಕುಡೀತೀಯಾ ಎಂದರು.

ಈಗ ನಾನು ಕಾಡುಗೋಡಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದೇನೆ. ಓನರ್ ಕೊಟ್ಟ ಕರಾರು ಪತ್ರವಾಗಲಿ, ಆಫೀಸಿನಿಂದ ಬಂದ ಸಿಹಿಸಿಹಿ ಮೇಲ್ ಆಗಲಿ, ಇದನ್ನು ಹೇಳುತ್ತಿರುವವರು ಯಾರು, ಅವರಿಗೇನು ಲಾಭ ಎಂದು ಕೇಳದೆ ಮುಂದಿನ ಸಾಲಿಗೆ ಹೋಗಲಾರೆ. ಜೊತೆಯವರು ರೇಗಿಸುತ್ತಾರೆ, ರೇಗಿಸಲಿ. ಆ ಬೇಸಿಗೆ ಇಲ್ಲದಿದ್ದರೆ ನಾನು ಅಕ್ಷರ ಕೂಡಿಸಿಕೊಂಡೇ ಇರುತ್ತಿದ್ದೆ.

ಮಿಸ್ ನಿವೃತ್ತಿಯಾದ ಮೇಲೆ ಸಿಂಗಸಂದ್ರದಲ್ಲಿ ತಂಗಿಯ ಮನೆಯಲ್ಲಿದ್ದರು. ಕಳೆದ ವರ್ಷ ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ತಂಗಿ ನನ್ನ ಕೈ ಹಿಡಿದುಕೊಂಡು, "ಅಕ್ಕ ನಿನ್ನ ತುಂಬಾ ಹೊಗಳ್ತಿದ್ಲಮ್ಮ" ಎಂದರು.

ಮಿಸ್ ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಸಾವಿನ ಮನೆಯಲ್ಲಿ ಬಂದವರ ಸಮಾಧಾನಕ್ಕೆ ಎಲ್ಲರೂ ಆಡುವ ಮಾತು. ಸುಮ್ಮನಿರಬಹುದಿತ್ತು, ಆಗಲಿಲ್ಲ.

"ಏನಂತ ಹೊಗಳ್ತಿದ್ರು ಆಂಟಿ?"

ಅವರು ಗಲಿಬಿಲಿಯಾದರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಹೊಗಳೋದು ಅಂದ್ರೆ... ಜಾಲಹಳ್ಳೀಲಿ ಒಬ್ಳು ಸಂಶಯ ಪಿಶಾಚಿ ಇದಾಳೆ, ನಾನ್ ಹೇಳಿದ್ದನ್ನೂ ನಂಬಲ್ಲ, ಅವಳೊಬ್ಳೇ ಓದೋದು ಕಲ್ತಿದ್ದು ಅಂತಿದ್ಲು. ತಪ್ಪು ತಿಳ್ಕೋಬೇಡಮ್ಮ."

ಅದು ಮಿಸ್ ಮಾತೇ. ತಕ್ಷಣ ನಂಬಿದೆ, ಅಲ್ಲೇ ನಿಂತು ಅತ್ತುಬಿಟ್ಟೆ.